ಮುಳುಗಡೆಯಲ್ಲಿ ಹೋದ ಮನೆಯನ್ನು ಚಿತ್ರ ಮಾಡುವುದು ಹೇಗೆ?

ಅಜ್ಜಿಯ ಮನೆ ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಯಿತು, ಅದನ್ನು ಚಿತ್ರದಲ್ಲಿ ತರಬೇಕು, ಆದರೆ ಗಂಟುಮೂಟೆ ಹೊತ್ತ ಜನ, ಅಳುವ ಮುಖ ಬೇಡ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ಮೊದಲು ಜರೀನಾ ಹಾಶ್ಮಿ ಅವರ ಅಚ್ಚುಚಿತ್ರಗಳನ್ನು ನೋಡಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು, ಓದಿದ್ದು ಗಣಿತ. ದೇಶ ಒಡೆದು ಕೆಲವು ವರ್ಷಗಳಾದ ಮೇಲೆ ಅಪ್ಪ ಅಮ್ಮ ಕರಾಚಿಗೆ ಹೋದರು. ಇವರು ಬ್ಯಾಂಕಾಕ್, ಪ್ಯಾರಿಸ್, ಟೋಕಿಯೊ ಅಂತ ಸುತ್ತಿ ಬಹಳ ಕಾಲ ನ್ಯೂಯಾರ್ಕಿನಲ್ಲಿದ್ದರು.

ಅವರ 2001ರ 'ಡಿವೈಡಿಂಗ್ ಲೈನ್' ಭಾರತ-ಪಾಕಿಸ್ತಾನದ ಗಡಿಯ ಚಿತ್ರ. ಕಾಗದದ ಮೇಲೆ ಒಂದು ಕಪ್ಪು ಗೆರೆ, ಅಷ್ಟೇ. ಇದು ಮರದಚ್ಚು, ಅಂದರೆ ಮರದ ಹಲಗೆಯನ್ನು ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು. ಅದರಲ್ಲಿ ಉಬ್ಬಿದ ಜಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಹಾಗಾಗಿ ಆ ಗೆರೆ ಮೂಡಬೇಕಾದರೆ ಎರಡೂ ಕಡೆಯ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಗಡಿ ನಿಂತಿತು, ನೆಲ ಹೋಯಿತು. ವಿಭಜನೆಯ ರೈಲಿನ ಫೋಟೋಗಳಿಗಿಂತ ಇದು ನನ್ನನ್ನು ಜಾಸ್ತಿ ಕಾಡಿದೆ.

ನಿಮಗೆ ಇನ್ನೂ ಹತ್ತಿರದ್ದು 2004ರ 'ಲೆಟರ್ಸ್ ಫ್ರಮ್ ಹೋಮ್'. ಅಕ್ಕ ರಾನಿ ಉರ್ದುವಿನಲ್ಲಿ ಬರೆದು ಕಳಿಸದೇ ಇಟ್ಟಿದ್ದ ಕಾಗದಗಳು ಅವು. ಅಪ್ಪ ಅಮ್ಮನ ಸಾವು, ಮನೆ ಮಾರಿದ್ದು, ಇಂಥ ಸುದ್ದಿ. ಆ ಬರಹದ ಮೇಲೆಯೇ ಜರೀನಾ ಮನೆಯ ನಕ್ಷೆ, ಊರಿನ ನಕ್ಷೆ ಅಚ್ಚು ಹಾಕಿದ್ದಾರೆ. (ಉರ್ದು ಬರದಿದ್ದರೂ ಪರವಾಗಿಲ್ಲ, ನನಗೂ ಬರುವುದಿಲ್ಲ.)

ಟಿಬೆಟನ್ ಕಲಾವಿದ ತೆನ್‌ಜಿಂಗ್ ರಿಗ್ದೋಲ್ 2011ರಲ್ಲಿ ಟಿಬೆಟ್‌ನಿಂದ ಸುಮಾರು 20 ಟನ್ ಮಣ್ಣನ್ನೇ ಹಿಮಾಚಲದ ಧರ್ಮಶಾಲಾ ಊರಿಗೆ ತರಿಸಿ ಹರಡಿದರು. ಊರು ಬಿಟ್ಟು ಬಂದವರು ಅದರ ಮೇಲೆ ನಡೆದರು. ದೊಡ್ಡ ಕೆಲಸ. ಆದರೆ ನಿಮ್ಮ ಮಣ್ಣು ನೀರಿನಡಿ ಇದೆ, ಅಲ್ವಾ? ನಿಮಗೆ ನಕ್ಷೆಯೇ ಸರಿ.

ಅಜ್ಜಿ ಇದ್ದರೆ ತಡ ಮಾಡದೆ ಅವರ ಕೈಯಲ್ಲೇ ಬರೆಸಿ. ಜಗುಲಿಯಿಂದ ಶುರುಮಾಡಿ ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಅಡುಗೆಮನೆಗೆ ಬೆಳಕು ಎಲ್ಲಿಂದ ಬೀಳುತ್ತಿತ್ತು ಅಂತಲೂ ಕೇಳಿ. ಅಳತೆ ತಪ್ಪಿದರೆ ತಿದ್ದಬೇಡಿ. ಚಿಕ್ಕಜ್ಜ ಬಂದು "ಬಾವಿ ಆ ಕಡೆ ಇರಲೇ ಇಲ್ಲ" ಅಂತ ಜಗಳಕ್ಕೆ ನಿಂತರೆ ಅವರಿಂದಲೂ ಒಂದು ನಕ್ಷೆ ಬರೆಸಿ, ಎರಡನ್ನೂ ಒಂದರ ಮೇಲೊಂದು ಅಚ್ಚು ಹಾಕಿ. ಮರ ಕೆತ್ತಿ ಅಭ್ಯಾಸ ಇಲ್ಲದಿದ್ದರೆ ಲಿನೋ (ಮರಕ್ಕಿಂತ ಸುಲಭವಾಗಿ ಕೆತ್ತಬಹುದಾದ ಮೆತ್ತನೆಯ ಹಾಳೆ) ಸಾಕು. ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುತ್ತದೆ, ಅದಕ್ಕೇ ನಕ್ಷೆಯನ್ನು ತಿರುಗಿಸಿ ಕೆತ್ತಿ. ಇಲ್ಲದಿದ್ದರೆ ಅಜ್ಜಿಯ ಬಾವಿ ಚಿಕ್ಕಜ್ಜ ಹೇಳಿದ ಕಡೆಗೇ ಹೋಗಿಬಿಡುತ್ತದೆ!