ಓದುಗರ ಪ್ರಶ್ನೆ, ನಮ್ಮ ಉತ್ತರ: 24 ತಾಸು ಓಡುವ ಹೈಬ್ರಿಡ್ ಕಾರು

ಹೋದ ಸಂಚಿಕೆಯಲ್ಲಿ, ಪೆಟ್ರೋಲ್ ಇಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ ಓಟದ ಕಾರು ಪೋರ್ಷೆ 919 ಹೈಬ್ರಿಡ್ ಬಗ್ಗೆ ಬರೆದಿದ್ದೆವು. ಜರ್ಮನಿಯ ವೈಸಾಕ್‌ನಲ್ಲಿ ತಯಾರಾದ ಈ ಕಾರು 2014ರಿಂದ 2017ರವರೆಗೆ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ 34 ಓಟಗಳಲ್ಲಿ 17 ಗೆದ್ದಿತು. ಫ್ರಾನ್ಸಿನ ಲೆ ಮಾನ್ 24 ತಾಸಿನ ಓಟವನ್ನು 2015, 2016, 2017ರಲ್ಲಿ ಸತತ ಮೂರು ಸಲ ತನ್ನದಾಗಿಸಿಕೊಂಡಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗೆಲುವಿಗಿಂತ ಒಳಗಿನ ಯಂತ್ರದ ಬಗ್ಗೆ ಕೇಳಿವೆ. ಅದು ನಮಗೆ ಖುಷಿಯ ಸಂಗತಿ.

ಒಂದು ಸುತ್ತಿಗೆ 8 ಮೆಗಾಜೂಲ್ ವಿದ್ಯುತ್ ಬಳಸುತ್ತದೆ ಎಂದು ಬರೆದಿದ್ದೀರಿ. ಇದು ಬಹಳವೋ ಕಡಿಮೆಯೋ? ಬರೀ ಬ್ರೇಕಿನಿಂದ ಅಷ್ಟು ಸಿಗುತ್ತದೆಯೇ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಗದಗ

ಹೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ 8 ಮೆಗಾಜೂಲ್ ಎಂದರೆ ಸುಮಾರು 2.2 ಯೂನಿಟ್. ಕೇಳಲು ಸಣ್ಣದು. ಆದರೆ 2015ರಲ್ಲಿ ಗೆದ್ದ ಕಾರು 395 ಸುತ್ತು ಹಾಕಿತು. ಪ್ರತಿ ಸುತ್ತಿಗೂ ಪೂರ್ತಿ ಪಾಲು ಬಳಸಿದ್ದರೆ ಅದು 870 ಯೂನಿಟ್ ದಾಟುತ್ತದೆ. ಇದರಲ್ಲಿ ಒಂದು ಯೂನಿಟ್ಟೂ ಹೊರಗಿನ ಪ್ಲಗ್ಗಿನಿಂದ ಬಂದದ್ದಲ್ಲ.

ಲೆಕ್ಕ ಹಾಕಿ ನೋಡಿ. ಕಾರಿನ ಕನಿಷ್ಠ ತೂಕ 870 ಕಿಲೋ. ಚಾಲಕ, ಇಂಧನ ಸೇರಿಸಿ ಒಂದು ಟನ್ ಎಂದುಕೊಳ್ಳೋಣ. ತಾಸಿಗೆ 300 ಕಿ.ಮೀ. ಅಂದರೆ ಸೆಕೆಂಡಿಗೆ 83.3 ಮೀಟರ್, ಆಗಿನ ಚಲನ ಶಕ್ತಿ 3.47 ಮೆಗಾಜೂಲ್. 100 ಕಿ.ಮೀ.ಗೆ ಇಳಿದಾಗ ಉಳಿಯುವುದು 0.39. ವ್ಯತ್ಯಾಸ ಸುಮಾರು 3.1. ಇದರಲ್ಲಿ ಒಂದು ಪಾಲನ್ನು ಗಾಳಿ ತಿನ್ನುತ್ತದೆ, ಇನ್ನೊಂದು ಪಾಲು ಹಿಂದಿನ ಬ್ರೇಕ್ ಡಿಸ್ಕಿನಲ್ಲಿ ಶಾಖವಾಗಿ ಹೋಗುತ್ತದೆ. ಏಕೆಂದರೆ ಬ್ರೇಕ್ ಹಾಕಿದಾಗ ಜನರೇಟರಿನಂತೆ ತಿರುಗಿ ವಿದ್ಯುತ್ ಮಾಡುವ ಮೋಟರ್ 919ರಲ್ಲಿ ಇರುವುದು ಮುಂದಿನ ಅಚ್ಚಿಗೆ ಮಾತ್ರ. ಲೆ ಮಾನ್‌ನ ಆಗಿನ 13.629 ಕಿ.ಮೀ. ಸುತ್ತಿನಲ್ಲಿ ಜೋರಾಗಿ ಬ್ರೇಕ್ ಹಾಕುವ ಜಾಗಗಳು ಹಲವು: ಮುಲ್ಸಾನ್ ನೇರದಾರಿಯ ಎರಡು ಶಿಕೇನ್ (ವೇಗ ತಗ್ಗಿಸಲು ಮಾಡಿದ ಅಂಕುಡೊಂಕು ತಿರುವು), ಅದರ ಕೊನೆಯ ತಿರುವು, ಇಂಡಿಯಾನಾಪೊಲಿಸ್, ಆರ್ನಾಜ್ ಎಂಬ ತಿರುವುಗಳು, ಫೋರ್ಡ್ ಶಿಕೇನ್. ಅಷ್ಟಾದರೂ ಬ್ರೇಕ್ ಒಂದರಿಂದಲೇ ಪೂರೈಸಲಿಲ್ಲ. ಎಕ್ಸಾಸ್ಟ್ ಹಾದಿಯಲ್ಲಿ ಇನ್ನೊಂದು ಟರ್ಬೈನ್ ಕೂರಿಸಿ ಅದಕ್ಕೆ ಜನರೇಟರ್ ಜೋಡಿಸಿದ್ದರು. ವಾಪಸ್ ಬರುವ ಶಕ್ತಿಯಲ್ಲಿ ಸುಮಾರು ಶೇ 60 ಬ್ರೇಕಿನಿಂದ, ಶೇ 40 ಎಕ್ಸಾಸ್ಟ್‌ನಿಂದ. ಬ್ರೇಕ್ ಹಾಕಿದಾಗಲೂ ಚಾರ್ಜ್, ವೇಗ ಹೆಚ್ಚಿಸುವಾಗಲೂ ಚಾರ್ಜ್: ಈ ಎರಡನೆಯದೇ 919ರ ನಿಜವಾದ ಹೆಚ್ಚುಗಾರಿಕೆ ಎಂಬುದು ನಮ್ಮ ಅಭಿಪ್ರಾಯ.

ಇದು ಪುಕ್ಕಟೆಯೂ ಅಲ್ಲ. 2014ರ ನಿಯಮದಲ್ಲಿ 2, 4, 6, 8 ಮೆಗಾಜೂಲ್ ಎಂಬ ನಾಲ್ಕು ವರ್ಗಗಳಿದ್ದವು. ವಿದ್ಯುತ್ ಹೆಚ್ಚು ಆರಿಸಿಕೊಂಡವರಿಗೆ ಇಂಧನ ಕಡಿಮೆ. 919 ಮೊದಲ ವರ್ಷ 6ರಲ್ಲಿ ಓಡಿತು, 2015ರಿಂದ 8ರಲ್ಲಿ. ಪೆಟ್ರೋಲ್ ಪಾಲು ಸುತ್ತಿಗೆ 5 ಲೀಟರಿಗಿಂತ ಸ್ವಲ್ಪ ಕಡಿಮೆ. ಮೀರಿದರೆ ದಂಡ. ಹಾಗಾಗಿ ಚಾಲಕರು ತಿರುವಿಗೆ ಮುಂಚೆಯೇ ಆಕ್ಸಿಲರೇಟರ್ ಬಿಟ್ಟು ಕಾರನ್ನು ತೇಲಿಸುತ್ತಿದ್ದರು.

ಮೋಟರಿನ ಬಲ 400 ಅಶ್ವಶಕ್ತಿಗೂ ಹೆಚ್ಚು, ಎಂದರೆ ಸುಮಾರು 300 ಕಿಲೋವಾಟ್. ಆ ಲೆಕ್ಕದಲ್ಲಿ 8 ಮೆಗಾಜೂಲ್ ಮುಗಿಯಲು 27 ಸೆಕೆಂಡ್ ಸಾಕು. 3 ನಿಮಿಷ 20 ಸೆಕೆಂಡಿನ ಆಸುಪಾಸಿನ ಸುತ್ತಿನಲ್ಲಿ ಈ 27 ಸೆಕೆಂಡನ್ನು ಎಲ್ಲಿ ಖರ್ಚು ಮಾಡಬೇಕು? ತಿರುವು ದಾಟಿ ಹೊರಬೀಳುವಾಗ. ಅಲ್ಲಿ ವೇಗ ಕಡಿಮೆ, ಗಾಳಿಯ ತಡೆಯೂ ಕಡಿಮೆ. ಆಗ ಗಳಿಸಿದ ವೇಗದ ಲಾಭ ಇಡೀ ನೇರದಾರಿಗೆ ಸಿಗುತ್ತದೆ. 300 ಕಿ.ಮೀ. ವೇಗದಲ್ಲಿ ಅದೇ ಶಕ್ತಿ ಸುರಿದರೆ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ.

2016ರ ಓಟದಾಗ ಟೊಯೊಟಾ ಗಾಡಿ ಗೆದ್ದs ಬಿಟ್ಟಿತ್ತು. ಇನ್ನ ಐದು ನಿಮಿಷ ಇರೂದರಾಗ ಯಾಕ ಕುಂತು ಬಿಟ್ಟಿತ್ರಿ? ಬ್ಯಾಟರಿ ಕೈ ಕೊಟ್ಟಿತೇನು?
— ಗ್ಯಾರೇಜ್ ಮಾಲೀಕರು, ಹಳೇ ಹುಬ್ಬಳ್ಳಿ

ಬ್ಯಾಟರಿಯ ತಪ್ಪಲ್ಲ. ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊದಿಂದ, ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿಗೆ ಹೋಗುವ ಕೊಳವೆಯ ಒಂದು ಕನೆಕ್ಟರ್ ಕೆಟ್ಟಿತ್ತು. ಅದರಿಂದ ಟರ್ಬೊ ಮೇಲಿನ ಹಿಡಿತ ತಪ್ಪಿ ಇಂಜಿನ್ ಬಲ ಕಳೆದುಕೊಂಡಿತು. ಆ 5ನೇ ನಂಬರಿನ ಟೊಯೊಟಾ ಟಿಎಸ್050 ಓಡಿಸುತ್ತಿದ್ದವರು ಕಜುಕಿ ನಕಾಜಿಮಾ. ಕಾರು ಗುರಿಗೆರೆಯ ಹತ್ತಿರವೇ ನಿಂತಿತು. ಕಂಟ್ರೋಲ್ ಸೆಟ್ಟಿಂಗ್ ಬದಲಿಸಿ ಬಲ ವಾಪಸ್ ತಂದರೂ ಹೊತ್ತು ಮೀರಿತ್ತು. ಕೊನೆಯ ಸುತ್ತು ನಿಗದಿತ 6 ನಿಮಿಷದೊಳಗೆ ಮುಗಿಯದ್ದರಿಂದ ಫಲಿತಾಂಶದ ಪಟ್ಟಿಯಲ್ಲಿ ಸ್ಥಾನವೂ ಸಿಗಲಿಲ್ಲ. 384 ಸುತ್ತು ಹಾಕಿದ 2ನೇ ನಂಬರಿನ 919 ಗೆದ್ದಿತು.

ಗ್ಯಾರೇಜಿನವರು ಕೇಳಿದ್ದರಿಂದ ಇನ್ನಷ್ಟು ಹೇಳುತ್ತೇವೆ. ಈ ಕಾರುಗಳ ದಾಖಲೆ ಓದಿದರೆ ಸೋಲಿನ ಕಾರಣ ಹೆಚ್ಚಾಗಿ ದೊಡ್ಡ ಭಾಗವಲ್ಲ. 2014ರಲ್ಲಿ ಮುಂದಿದ್ದ 7ನೇ ನಂಬರಿನ ಟೊಯೊಟಾ ವೈರಿಂಗ್ ದೋಷದಿಂದ ನಿಂತಿತು. 2017ರಲ್ಲಿ ಕಾಮುಯಿ ಕೊಬಯಾಶಿ 3 ನಿಮಿಷ 14.791 ಸೆಕೆಂಡಿನ ದಾಖಲೆ ಸುತ್ತು ಹಾಕಿ ತಮ್ಮ ಟೊಯೊಟಾಗೆ ಮೊದಲ ಸಾಲಿನ ಜಾಗ ಗಳಿಸಿಕೊಟ್ಟರು. ರಾತ್ರಿ ಅವರ ಕಾರಿನ ಕ್ಲಚ್ ಹೋಯಿತು. ಆ ಕಾರು ಪಿಟ್‌ನಿಂದ (ಓಟದ ನಡುವೆ ಇಂಧನ ತುಂಬುವ, ರಿಪೇರಿ ಮಾಡುವ ಜಾಗ) ಹೊರಡುವುದು ಸಾಮಾನ್ಯವಾಗಿ ಮೋಟರ್ ಬಲದಲ್ಲಿ. ಪಿಟ್ ಬಾಗಿಲಲ್ಲಿ ಕೆಂಪು ದೀಪ ಇದ್ದಾಗ ಬೇರೆ ತಂಡದ ಚಾಲಕನೊಬ್ಬನ ಕೈಸನ್ನೆಯನ್ನು ಮಾರ್ಷಲ್‌ನದೆಂದು (ಓಟ ನೋಡಿಕೊಳ್ಳುವ ಸಿಬ್ಬಂದಿ) ತಿಳಿದು ಹೊರಟರು, ನಿಲ್ಲು ಎಂದಾಗ ನಿಂತರು, ಮತ್ತೆ ಹೊರಟರು. ಇಂಜಿನ್ ಬಲದಲ್ಲಿ ಹೀಗೆ ಪದೇ ಪದೇ ಎಳೆಯಲು ಆ ಕ್ಲಚ್ಚನ್ನು ಮಾಡಿರಲೇ ಇಲ್ಲ.

ಅದೇ 2017ರಲ್ಲಿ ಗೆದ್ದ 919ಕ್ಕೂ ನಾಲ್ಕನೇ ತಾಸಿನಲ್ಲಿ ಮುಂದಿನ ಅಚ್ಚಿನ ಮೋಟರ್ ಕೆಟ್ಟಿತ್ತು. ಅದನ್ನು ಬದಲಿಸಲು ಒಂದು ತಾಸಿಗೂ ಹೆಚ್ಚು ಹಿಡಿಯಿತು, ಕಾರು ಪಟ್ಟಿಯ ತಳ ಸೇರಿತು. ಜೊತೆಯ 1ನೇ ನಂಬರಿನ ಕಾರು ಮುಂದಿದ್ದಾಗಲೇ, ಸುಮಾರು ನಾಲ್ಕು ತಾಸು ಬಾಕಿ ಇರುವಾಗ, ಆಯಿಲ್ ಪ್ರೆಶರ್ ಇಲ್ಲದೆ ನಿಂತಿತು. ಕೆಳಗಿನ ಎಲ್‌ಎಂಪಿ2 ವರ್ಗದ ಕಾರೊಂದು ಇಡೀ ಓಟದ ಮುಂದಾಳಾಗಿತ್ತು. ಕೊನೆಯಲ್ಲಿ ಅದನ್ನು ಹಿಂದೆ ಹಾಕಿ ಬರ್ನ್‌ಹಾರ್ಡ್, ಹಾರ್ಟ್ಲಿ, ಬ್ಯಾಂಬರ್ ಗೆದ್ದರು. ತಾಸಿನ ಆಸುಪಾಸಿನಲ್ಲಿ ಬಿಚ್ಚಿ ಕೂರಿಸುವಂತೆ ಆ ಮೋಟರನ್ನು ಜೋಡಿಸಿದ್ದೇ ಗೆಲುವಿನ ಅರ್ಧ ಕಾರಣ ಎನ್ನುತ್ತೇವೆ.

ಇಷ್ಟು ದೊಡ್ಡ ಕಾರಿಗೆ ನಾಲ್ಕೇ ಸಿಲಿಂಡರ್ ಯಾಕೆ?
— ಐಟಿಐ ವಿದ್ಯಾರ್ಥಿ, ಬೆಟಗೇರಿ

ಇಂಧನಕ್ಕೆ ಮಿತಿ ಇದ್ದಾಗ ಗಾತ್ರಕ್ಕಿಂತ ದಕ್ಷತೆ ಮುಖ್ಯ. 2 ಲೀಟರಿನ, 90 ಡಿಗ್ರಿ ಕೋನದ, ಒಂದೇ ಟರ್ಬೊದ ವಿ4 ಇಂಜಿನ್ ಚಿಕ್ಕದು, ಹಗುರ; ಉಜ್ಜುವ ಭಾಗಗಳೂ ಕಡಿಮೆ. ಸುಮಾರು 500 ಅಶ್ವಶಕ್ತಿ ಕೊಡುತ್ತಿತ್ತು. ಕಷ್ಟ ಬಂದದ್ದು ಕಂಪನದಲ್ಲಿ. 2013ರ ಪರೀಕ್ಷೆಗಳಲ್ಲಿ ಇಂಜಿನ್ ಎಷ್ಟು ಅದುರುತ್ತಿತ್ತೆಂದರೆ ಅದಕ್ಕೆ ಜೋಡಿಸಿದ ಭಾಗಗಳೇ ತಾಳಲಿಲ್ಲ. ಇಂತಹ ಕಾರಿನಲ್ಲಿ ಇಂಜಿನ್ ಕೂಡ ಚಾಸಿಯ ಒಂದು ತುಂಡು, ನಡುವೆ ರಬ್ಬರ್ ಮೌಂಟ್ ಇರುವುದಿಲ್ಲ. ಕ್ರ್ಯಾಂಕ್‌ಶಾಫ್ಟ್ ವಿನ್ಯಾಸ ಬದಲಿಸಿದ ಮೇಲೆ ಸುಧಾರಿಸಿತು.

ಶಕ್ತಿ ಕೂಡಿಡಲು ಬ್ಯಾಟರಿ ಬಿಟ್ಟು ಬೇರೆ ದಾರಿ ಇಲ್ಲವೇ?
— ಮೋಟರ್ ರಿವೈಂಡಿಂಗ್ ಮಾಡುವವರು, ಹಾವೇರಿ

ಮೂರು ದಾರಿ ಹಿಡಿದವರಿದ್ದರು. 2012ರಲ್ಲಿ ಲೆ ಮಾನ್ ಗೆದ್ದ ಮೊದಲ ಹೈಬ್ರಿಡ್ ಆಡಿ ಆರ್18 ಇ-ಟ್ರಾನ್ ಕ್ವಾಟ್ರೊದಲ್ಲಿ ಇದ್ದದ್ದು ಫ್ಲೈವೀಲ್, ಅಂದರೆ ತಿರುಗುತ್ತಲೇ ಶಕ್ತಿ ಕೂಡಿಡುವ ಚಕ್ರ. ಬ್ರೇಕಿನ ಶಕ್ತಿಯಿಂದ ಅದು ನಿಮಿಷಕ್ಕೆ 45,000 ಸುತ್ತಿನವರೆಗೆ ತಿರುಗುತ್ತಿತ್ತು. ಅದೇ ವರ್ಷ ಬಂದ ಟೊಯೊಟಾ ಟಿಎಸ್030 ಸೂಪರ್‌ಕ್ಯಾಪಾಸಿಟರ್ ಬಳಸಿತು. ಎರಡೂ ಥಟ್ಟನೆ ಶಕ್ತಿ ತೆಗೆದುಕೊಳ್ಳುತ್ತವೆ, ಥಟ್ಟನೆ ಕೊಡುತ್ತವೆ. ಆದರೆ ಕಿಲೋ ತೂಕಕ್ಕೆ ಹಿಡಿಸುವ ಪ್ರಮಾಣ ಕಡಿಮೆ. ಪೋರ್ಷೆ ಮೊದಲಿನಿಂದಲೂ ನೀರಿನಿಂದ ತಂಪಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಯನ್ನು ನೆಚ್ಚಿತು. 2016ಕ್ಕೆ ಆಡಿ, ಟೊಯೊಟಾ ಎರಡೂ ಬ್ಯಾಟರಿಗೇ ಬಂದವು.

ಬ್ಯಾಟರಿಯ ಶತ್ರು ಶಾಖ. 3 ನಿಮಿಷ 17 ಸೆಕೆಂಡಿನಲ್ಲಿ 8 ಮೆಗಾಜೂಲ್ ಒಳಗೆ, 8 ಹೊರಗೆ ಎಂದರೆ ಸರಾಸರಿ 40 ಕಿಲೋವಾಟ್‌ನಂತೆ ಎರಡೂ ಕಡೆ. ಹೋಗುವಾಗ ಬರುವಾಗ ಶೇ 5ರಷ್ಟು ನಷ್ಟ ಎಂದುಕೊಂಡರೂ 4 ಕಿಲೋವಾಟ್ ಶಾಖ. ಎರಡು ಸ್ನಾನದ ಗೀಸರ್‌ಗಳನ್ನು ಆ ಪೆಟ್ಟಿಗೆಯೊಳಗೆ 24 ತಾಸು ಉರಿಸಿದಂತೆ. ಪೋರ್ಷೆ 800 ವೋಲ್ಟ್ ಆರಿಸಿದ್ದಕ್ಕೂ ಇದೇ ಕಾರಣ. ವೋಲ್ಟೇಜ್ ಎರಡರಷ್ಟಾದರೆ ಅದೇ ಬಲಕ್ಕೆ ಕರೆಂಟ್ ಅರ್ಧವಾಗುತ್ತದೆ, ತಂತಿಯ ಶಾಖ ಕಾಲು ಪಾಲಿಗೆ ಇಳಿಯುತ್ತದೆ. ತಾಮ್ರದ ತೂಕದ ಬೆಲೆ ರಿವೈಂಡಿಂಗ್ ಮಾಡುವ ನಿಮಗೆ ಹೇಳಿಕೊಡಬೇಕಿಲ್ಲ.

ನಮ್ಮ ತಂಡ ವಿದ್ಯುತ್ ಗೋ-ಕಾರ್ಟ್‌ಗೆ ಬ್ರೇಕಿನಿಂದ ಶಕ್ತಿ ಹಿಂಪಡೆಯುವ ಪ್ರಾಜೆಕ್ಟ್ ಮಾಡುತ್ತಿದೆ. ಸೂಪರ್‌ಕ್ಯಾಪಾಸಿಟರ್ ಎಷ್ಟು ಬೇಕು? ಎಲ್ಲಿ ಎಚ್ಚರವಿರಬೇಕು?
— ಅಂತಿಮ ವರ್ಷದ ವಿದ್ಯಾರ್ಥಿಗಳು, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಶಕ್ತಿಯ ಲೆಕ್ಕ. ಚಾಲಕ ಸೇರಿ 250 ಕಿಲೋ, 60 ಕಿ.ಮೀ. ವೇಗದಿಂದ 20ಕ್ಕೆ ಇಳಿದರೆ ಬಿಡುಗಡೆಯಾಗುವುದು ಸುಮಾರು 31 ಕಿಲೋಜೂಲ್. ಅದರಲ್ಲಿ ಶೇ 60 ಕೈಗೆ ಸಿಕ್ಕರೆ 18.5. ನಿಮ್ಮ ವ್ಯವಸ್ಥೆ 48 ವೋಲ್ಟಿನದು, 24ರವರೆಗೆ ಇಳಿಸಿ ಬಳಸುತ್ತೀರಿ ಎಂದುಕೊಂಡರೆ ಬೇಕಾದ ಧಾರಕತೆ ಸುಮಾರು 21.5 ಫ್ಯಾರಡ್. 2.7 ವೋಲ್ಟ್, 500 ಫ್ಯಾರಡ್‌ನ 20 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 25 ಫ್ಯಾರಡ್ ಆಗುತ್ತದೆ, 48 ವೋಲ್ಟಿಗೆ ಪ್ರತಿ ಸೆಲ್ ಮೇಲೆ 2.4 ವೋಲ್ಟ್ ಮಾತ್ರ ಬೀಳುತ್ತದೆ. 18 ಸೆಲ್‌ಗೆ ಮುಗಿಸಿ ಹಣ ಉಳಿಸಲು ಹೋಗಬೇಡಿ, ಆಗ 2.67 ಬೀಳುತ್ತದೆ, ಅಂಚು ಉಳಿಯುವುದಿಲ್ಲ. ಸೆಲ್‌ಗಳ ಧಾರಕತೆ ಒಂದೇ ಸಮ ಇರುವುದಿಲ್ಲ, ಕಡಿಮೆ ಇರುವುದರ ಮೇಲೆ ವೋಲ್ಟೇಜ್ ಬೇಗ ಏರುತ್ತದೆ. ಅದಕ್ಕೇ ಪ್ರತಿ ಸೆಲ್‌ಗೂ ಬ್ಯಾಲೆನ್ಸಿಂಗ್ ಬೋರ್ಡ್ ಬೇಕೇ ಬೇಕು.

ಎರಡನೆಯದು ಕರೆಂಟ್. ಹೆಚ್ಚಿನ ಪ್ರಾಜೆಕ್ಟ್‌ಗಳು ಮುಗ್ಗರಿಸುವುದು ಇಲ್ಲಿ. 18.5 ಕಿಲೋಜೂಲನ್ನು 3 ಸೆಕೆಂಡಿನಲ್ಲಿ ತುಂಬಿದರೆ ಸರಾಸರಿ 6.2 ಕಿಲೋವಾಟ್. ಕ್ಯಾಪಾಸಿಟರ್ 48 ವೋಲ್ಟ್‌ನಲ್ಲಿದ್ದಾಗ ಅದು 130 ಆಂಪಿಯರ್. 24ರಲ್ಲಿದ್ದಾಗ 260ರ ಹತ್ತಿರ. ಕಂಟ್ರೋಲರ್, ಕಾಂಟ್ಯಾಕ್ಟರ್, ಕೇಬಲ್, ಲಗ್ ಎಲ್ಲವನ್ನೂ 24 ವೋಲ್ಟಿನ ಲೆಕ್ಕಕ್ಕೆ ಆರಿಸಿ, ಇಲ್ಲವೇ ಕಂಟ್ರೋಲರ್‌ನಲ್ಲಿ ಕರೆಂಟ್ ಮಿತಿ ಹಾಕಿ ಸಿಗುವ ಶಕ್ತಿ ಕಡಿಮೆಯಾಗುವುದನ್ನು ಒಪ್ಪಿಕೊಳ್ಳಿ. ಮನೆಯ ಎಂಸಿಬಿ ಹಾಕಬೇಡಿ. ಅದು ಎಸಿಗೆ ಮಾಡಿದ್ದು, ಡಿಸಿ ಕಿಡಿಯನ್ನು ಆರಿಸಲಾರದು. ಡಿಸಿ ರೇಟಿಂಗ್ ಬರೆದಿರುವ ಫ್ಯೂಸನ್ನೇ ಹಾಕಿ.

ಖಾಲಿ ಕ್ಯಾಪಾಸಿಟರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಅದು ಶಾರ್ಟ್ ಸರ್ಕಿಟ್‌ಗೆ ಸಮ. ಕಾಂಟ್ಯಾಕ್ಟರ್ ತುದಿಗಳು ಬೆಸೆದುಕೊಳ್ಳುತ್ತವೆ. ಕರೆಂಟ್ ಮಿತಿಯುಳ್ಳ ಪವರ್ ಸಪ್ಲೈಯಿಂದ 10 ಆಂಪಿಯರ್‌ನಲ್ಲಿ ತುಂಬಿ, ಎರಡು ನಿಮಿಷದಲ್ಲಿ 48 ವೋಲ್ಟ್ ತಲುಪುತ್ತದೆ. ಕೆಲಸ ಮುಗಿದ ಮೇಲೆ 10 ಓಮ್, 300 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ. 2 ವೋಲ್ಟಿಗೆ ಇಳಿಯಲು ಸುಮಾರು 13 ನಿಮಿಷ ಬೇಕು. ರೆಸಿಸ್ಟರ್ ತೆಗೆದ ಮೇಲೆ ವೋಲ್ಟೇಜ್ ತಾನಾಗಿ ಸ್ವಲ್ಪ ಮೇಲೇಳುತ್ತದೆ. ಆದ್ದರಿಂದ ಎತ್ತಿಡುವಾಗ ಎರಡೂ ತುದಿಗಳನ್ನು ತಂತಿಯಿಂದ ಸೇರಿಸಿಡಿ.

ಕೊನೆಯದಾಗಿ ಬ್ರೇಕ್. ಕ್ಯಾಪಾಸಿಟರ್ ತುಂಬಿದ ಕ್ಷಣ ಮೋಟರಿನ ತಡೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ, ಚಾಲಕನಿಗೆ ಬ್ರೇಕ್ ಹೋದಂತೆ ಅನಿಸುತ್ತದೆ. ಮೋಟರಿನ ನೆರವಿಲ್ಲದೆ ಹೈಡ್ರಾಲಿಕ್ ಬ್ರೇಕ್ ಒಂದೇ ಕಾರ್ಟನ್ನು ಪೂರ್ತಿ ನಿಲ್ಲಿಸಬೇಕು. ಈ ಪರೀಕ್ಷೆಯನ್ನು ಮೊದಲು ಮಾಡಿ, ಉಳಿದದ್ದು ಆಮೇಲೆ. ವೋಲ್ಟೇಜ್ 45 ದಾಟಿದ ಮೇಲೆ ಮೋಟರಿನ ತಡೆ ನಿಧಾನವಾಗಿ ಕಡಿಮೆಯಾಗುವಂತೆ ಪ್ರೋಗ್ರಾಂ ಬರೆಯಿರಿ.

ಇಂತಹ ಕಾರು ಅಪಘಾತವಾದರೆ ಮುಟ್ಟುವವರಿಗೆ ಶಾಕ್ ಹೊಡೆಯುವುದಿಲ್ಲವೇ?
— ಎಲೆಕ್ಟ್ರಿಷಿಯನ್, ರಾಣೆಬೆನ್ನೂರು

ಅಪಾಯ ಇದ್ದೇ ಇದೆ. ಅದಕ್ಕೇ ಕಾರಿನ ಮೇಲೆ ದೀಪಗಳಿರುತ್ತವೆ. ಹಸಿರು ಇದ್ದರೆ ಮುಟ್ಟಬಹುದು. ಕೆಂಪು ಇದ್ದರೆ ಮಾರ್ಷಲ್‌ಗಳೂ ದೂರ ನಿಲ್ಲುತ್ತಾರೆ. ಆಗ ಚಾಲಕ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಕೂಡಿಸಿ ಹಾರಬೇಕು. ನಮ್ಮ ರಸ್ತೆಯ ವಿದ್ಯುತ್ ಕಾರುಗಳನ್ನು ರಿಪೇರಿ ಮಾಡುವಾಗಲೂ ಎಚ್ಚರ ಬೇಕು: 1,000 ವೋಲ್ಟ್‌ನ ಕ್ಲಾಸ್ 0 ಕೈಗವಸಿನಲ್ಲಿ ಗಾಳಿ ತುಂಬಿ ತೂತಿಲ್ಲವೆಂದು ನೋಡಿ ಮೊದಲೇ ಹಾಕಿಕೊಳ್ಳಿ, ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಮೀಟರನ್ನು ಕರೆಂಟ್ ಇದೆಯೆಂದು ಖಚಿತವಿರುವ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಕಾರಿನಲ್ಲಿ ಅಳೆಯಿರಿ, ಮತ್ತೆ ಆ ಮೊದಲಿನ ಜಾಗದಲ್ಲಿ ಪರೀಕ್ಷಿಸಿ. ನಡುವೆ ಮೀಟರೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆಯನ್ನು ನಂಬಿ ಕೈ ಹಾಕುವಂತಾಗುತ್ತದೆ.

ನಮ್ಮವರು ಯಾರಾದರೂ ಲೆ ಮಾನ್‌ನಲ್ಲಿ ಓಡಿಸಿದ್ದಾರೆಯೇ?
— ಪಿಯುಸಿ ವಿದ್ಯಾರ್ಥಿ, ಧಾರವಾಡ

2012ರಲ್ಲಿ ಚೆನ್ನೈನ ಕರುಣ್ ಚಂಧೋಕ್ ಹೈಬ್ರಿಡ್ ಅಲ್ಲದ ಪ್ರೊಟೊಟೈಪ್ (ಓಟಕ್ಕೆಂದೇ ಮಾಡಿದ ಕಾರು) ಓಡಿಸಿದರು, ಅವರ ತಂಡ ಆರನೇ ಸ್ಥಾನ ಪಡೆಯಿತು. 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2 ವರ್ಗದಲ್ಲಿ ಭಾಗವಹಿಸಿದರು. ಆ ವರ್ಗದ ಕಾರುಗಳಲ್ಲೂ ಹೈಬ್ರಿಡ್ ವ್ಯವಸ್ಥೆ ಇಲ್ಲ.