ಇರಾನಿನಲ್ಲಿ ತೆಗೆದ ಪಾರಸಿ ಚಿತ್ರ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಜರ್ಮನ್ ಸಹನಿರ್ಮಾಣ ಎನಿಸಿಕೊಳ್ಳುವುದು ಹೇಗೆ?

ಚಿತ್ರವೊಂದು ಯಾವ ದೇಶದ್ದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಭಾಷೆಯಲ್ಲ, ಅದಕ್ಕೆ ಹಣ ಹೊಂದಿಸಿದ ನಿರ್ಮಾಣ ಸಂಸ್ಥೆಗಳ ನೆಲೆ. ಇರಾನಿನ ನಿರ್ದೇಶಕ ಮೊಹಮ್ಮದ್ ರಸೂಲಫ್ ಅವರ ‘ದ ಸೀಡ್ ಆಫ್ ದ ಸೇಕ್ರೆಡ್ ಫಿಗ್’ ಇರಾನಿನಲ್ಲಿ ಗುಟ್ಟಾಗಿ ಚಿತ್ರೀಕರಣಗೊಂಡರೂ, ಜರ್ಮನಿಯ ಹ್ಯಾಂಬರ್ಗ್ ನಗರದ ಸಂಸ್ಥೆಯೊಂದು ಫ್ರೆಂಚ್ ಪಾಲುದಾರರ ಜೊತೆಗೂಡಿ ನಿರ್ಮಿಸಿದ್ದರಿಂದ, 2024ರ ಕಾನ್ ಸ್ಪರ್ಧೆಯಲ್ಲಿ ಜರ್ಮನಿಯ ಹೆಸರೂ ಅದರೊಂದಿಗೆ ಸೇರಿತು. ಸೆರೆವಾಸದ ಶಿಕ್ಷೆಗೆ ಗುರಿಯಾಗಿ ದೇಶ ತೊರೆದು ಬಂದಿದ್ದ ನಿರ್ದೇಶಕರು, ಬರಲಾಗದ ತಮ್ಮ ಇಬ್ಬರು ಕಲಾವಿದರ ಭಾವಚಿತ್ರಗಳನ್ನು ಕೆಂಪುಹಾಸಿನ ಮೇಲೆ ಎತ್ತಿ ಹಿಡಿದಿದ್ದರು. ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಮುಂದೆ ಜರ್ಮನಿಯೇ ಅದನ್ನು ಆಸ್ಕರ್‌ಗೆ ಕಳುಹಿಸಿತು. ಇದು ಹೊಸ ರೂಢಿಯೇನಲ್ಲ: 2009ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ‘ಪಾಮ್ ದೋರ್’ ಗೆದ್ದ ‘ದ ವೈಟ್ ರಿಬ್ಬನ್’ ಚಿತ್ರದ ನಿರ್ದೇಶಕ ಮಿಶಾಯೆಲ್ ಹಾನೆಕೆ ಆಸ್ಟ್ರಿಯಾದವರಾದರೂ, ಅದನ್ನೂ ಆಸ್ಕರ್‌ಗೆ ಕಳುಹಿಸಿದ್ದು ಜರ್ಮನಿಯೇ.