ಬೆಂಬಲದ ಗಾಡಿ ಮುಂದಿರಬೇಕೋ, ಹಿಂದಿರಬೇಕೋ?

ಪ್ರಶ್ನೆ: ನಾವು ಆರು ಜನ ಗೆಳೆಯರು ಡಿಸೆಂಬರಿನಲ್ಲಿ ವಿಜಯಪುರದಿಂದ ಆಲಮಟ್ಟಿ, ಕೂಡಲಸಂಗಮ, ಬಾದಾಮಿ, ಸವದತ್ತಿ ಮಾರ್ಗವಾಗಿ ಬೆಳಗಾವಿಯವರೆಗೆ ಸೈಕಲ್ ಪ್ರಯಾಣ ಮಾಡಬೇಕೆಂದಿದ್ದೇವೆ. ಒಬ್ಬ ಗೆಳೆಯನ ಸೋದರಮಾವ ತಮ್ಮ ಕ್ರೂಸರ್ ಗಾಡಿಯೊಂದಿಗೆ ಬರಲು ಒಪ್ಪಿದ್ದಾರೆ. ಅಡುಗೆಗೂ ಒಬ್ಬರು ಬರುತ್ತಾರೆ. ಗಾಡಿ ಬೆನ್ನಿಗಿರುವಾಗ ಎರಡೇ ದಿನ ಸಾಕೆಂದು ಕೆಲವರು, ನಾಲ್ಕು ದಿನ ಬೇಕೆಂದು ಉಳಿದವರು ವಾದಿಸುತ್ತಿದ್ದಾರೆ. ನಮ್ಮಲ್ಲಿ ಇಬ್ಬರು ನಿಧಾನವಾಗಿ ತುಳಿಯುವವರು. ಹೇಗೆ ಯೋಜಿಸಬೇಕು?
– ಓದುಗರೊಬ್ಬರು, ವಿಜಯಪುರ

ಉತ್ತರ: ನಾಲ್ಕು ದಿನವನ್ನೇ ಇಟ್ಟುಕೊಳ್ಳಿ. ನೀವು ಹೇಳಿದ ಮಾರ್ಗ 300 ಕಿಲೋಮೀಟರಿಗೂ ಹೆಚ್ಚು. ಬಿಆರ್‌ಎಂ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ ಇಳಿಯುವವರು 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುತ್ತಾರೆ ಎಂಬುದು ನಿಜ. ಆದರೆ ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು, ಮತ್ತು ನಿಗದಿತ ತಪಾಸಣಾ ಸ್ಥಳಗಳ ಹೊರಗೆ ಯಾವ ಗಾಡಿಯ ನೆರವನ್ನೂ ಪಡೆಯುವಂತಿಲ್ಲ. ಡಿಸೆಂಬರಿನಲ್ಲಿ ಹಗಲು ಇರುವುದೇ ಸುಮಾರು 11 ಗಂಟೆ. ಎರಡು ದಿನದಲ್ಲಿ ಮುಗಿಸಲು ಹೊರಟರೆ ಕತ್ತಲಲ್ಲಿ ತುಳಿಯಲೇಬೇಕಾಗುತ್ತದೆ, ಅದು ಈ ಹಂಗಾಮಿನಲ್ಲಿ ಸಲ್ಲದು. ಕಬ್ಬು ನುರಿಯುವ ಕಾಲದಲ್ಲಿ ನಮ್ಮ ಮೂರೂ ಜಿಲ್ಲೆಗಳ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂಬದಿಯ ದೀಪವಿರುವುದಿಲ್ಲ, ಕಬ್ಬಿನ ತುದಿಗಳು ಎರಡೂ ಬದಿಗೆ ಚಾಚಿರುತ್ತವೆ, ಉದುರಿದ ಜಲ್ಲೆ ಚಕ್ರದಡಿ ಸಿಕ್ಕರೆ ಸೈಕಲ್ ಅಡ್ಡ ಬೀಳುತ್ತದೆ. ಬೆಳಕು ಮೂಡಿದ ಮೇಲೆ ಹೊರಟು ಸಂಜೆ ಐದರೊಳಗೆ ಠಿಕಾಣಿ ಸೇರುವುದನ್ನು ನಿಯಮವನ್ನಾಗಿಸಿಕೊಳ್ಳಿ.

ಆಲಮಟ್ಟಿ, ಬಾದಾಮಿ, ಸವದತ್ತಿಗಳಲ್ಲಿ ವಸತಿ ಮಾಡುವುದು ಸರಿಹೋಗುತ್ತದೆ. ಎರಡನೆಯ ದಿನ ಕೂಡಲಸಂಗಮದಿಂದ ಅಮೀನಗಡ, ಐಹೊಳೆಯ ಮೇಲೆ ಬಂದರೆ ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ; ಅಲ್ಲಿಂದ ಬಾದಾಮಿ 22 ಕಿ.ಮೀ. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲೇ ಸೇರಿದ ಆ ಗುಡಿಗಳ ಎದುರು ಇಳಿಯದೆ ಮುಂದೆ ಹೋಗುವ ಪ್ರಯಾಣ ನನ್ನ ಮನಸ್ಸಿಗಂತೂ ಒಪ್ಪುವುದಿಲ್ಲ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಬೆಳಗಾವಿಯ ಎತ್ತರ ಸುಮಾರು 750 ಮೀಟರ್. ಆದ್ದರಿಂದ ಕೊನೆಯ ಎರಡು ದಿನ ನೆಲ ಸಮತಟ್ಟಾಗಿ ಕಂಡರೂ ಒಟ್ಟಾರೆ ಏರುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದರಿಂದ ಪಶ್ಚಿಮಕ್ಕೆ ಹೊರಟ ನಿಮಗೆ ಅದು ಬೆನ್ನಿಗೆ ನೆರವಾಗುತ್ತದೆ. ಇದೇ ದಾರಿಯನ್ನು ಜುಲೈಯಲ್ಲಿ ತುಳಿದಿದ್ದರೆ ಎದುರುಗಾಳಿ ನಿಮ್ಮನ್ನು ಹಣ್ಣು ಮಾಡುತ್ತಿತ್ತು. ದಿನ ಗೊತ್ತುಮಾಡುವ ಮುನ್ನ ಪಂಚಾಂಗವನ್ನೂ ನೋಡಿ. ಬನದ ಹುಣ್ಣಿಮೆಗೆ ಬಾದಾಮಿಯಲ್ಲಿ ಬನಶಂಕರಿಯ ತೇರು, ಸವದತ್ತಿಯಲ್ಲಿ ಎಲ್ಲಮ್ಮನ ಜಾತ್ರೆ ಒಟ್ಟಿಗೇ ಬರುತ್ತವೆ. ಆಗ ರಸ್ತೆಯೂ ಖಾಲಿ ಇರುವುದಿಲ್ಲ, ಕೋಣೆಯೂ ಸಿಗುವುದಿಲ್ಲ.

ಇನ್ನು ಗಾಡಿಯ ವಿಷಯ. ಸೈಕಲ್ಲುಗಳ ಬೆನ್ನಿಗೆ ಅಂಟಿಕೊಂಡು ಗಂಟೆಗೆ 18 ಕಿ.ಮೀ. ವೇಗದಲ್ಲಿ ತೆವಳುವ ಗಾಡಿ ರಕ್ಷಣೆಯಂತೆ ತೋರುತ್ತದೆ; ವಾಸ್ತವದಲ್ಲಿ ಅದನ್ನು ದಾಟಿ ಬರುವ ಬಸ್ಸು, ಲಾರಿಗಳು ಮುಂದಿರುವ ನಿಮ್ಮನ್ನು ಕಾಣದೆಯೇ ಎಡಕ್ಕೆ ಹೊರಳುತ್ತವೆ. ಗಾಡಿ 15 ಕಿ.ಮೀ. ಮುಂದೆ ಹೋಗಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಂತು, ಕೊನೆಯ ಸವಾರ ಬಂದು ನೀರು ಕುಡಿದ ಮೇಲೆಯೇ ಮುಂದಿನ ನಿಲ್ದಾಣಕ್ಕೆ ಹೊರಡಲಿ. ಎಲ್ಲಿ ನಿಲ್ಲಬೇಕೆಂಬುದನ್ನು ಹಿಂದಿನ ರಾತ್ರಿಯೇ ಊರಿನ ಹೆಸರು ಹೇಳಿ ನಿಶ್ಚಯಿಸಿ, ಏಕೆಂದರೆ ದಾರಿಯಲ್ಲಿ ಫೋನ್ ಸಿಗದ ಜಾಗಗಳಿವೆ. ನಿಧಾನವಾಗಿ ತುಳಿಯುವವರನ್ನು ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಕಳಿಸಿ, ಗಟ್ಟಿಗನೊಬ್ಬ ದಿನವಿಡೀ ಎಲ್ಲರಿಗಿಂತ ಹಿಂದೆ ಇರಲಿ.

ಗಾಡಿ ಓಡಿಸುವವರು ಮತ್ತು ಅಡುಗೆಯವರು ನಿಮ್ಮ ಪ್ರಯಾಣದ ಪಾಲುದಾರರು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾವು ಗೆಳೆಯರು ಹೀಗೆಯೇ ಹೊರಟಾಗ, ನಾವೆಲ್ಲ ಕೋಣೆಯಲ್ಲಿ ಮಲಗಿ, ಸಾಮಾನು ಕಾಯಲೆಂದು ಚಾಲಕರನ್ನು ಗಾಡಿಯಲ್ಲೇ ಮಲಗಲು ಬಿಟ್ಟೆವು. ಮೂರನೆಯ ದಿನ ಮಧ್ಯಾಹ್ನ ಅವರಿಗೆ ಸ್ಟೀರಿಂಗ್ ಮೇಲೆಯೇ ಜೊಂಪು ಹತ್ತಿ ಗಾಡಿ ರಸ್ತೆ ಬಿಟ್ಟು ಕಡಲೆ ಹೊಲಕ್ಕೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಳಗಿಳಿದ ಆ ಹಿರಿಯರು ತಮ್ಮದೇ ತಪ್ಪೆಂಬಂತೆ ನಮ್ಮೆದುರು ಕೈಮುಗಿದು ನಿಂತರು, ತಪ್ಪು ನಮ್ಮದಾಗಿತ್ತು. ನಿಮ್ಮ ಗೆಳೆಯನ ಮಾವನವರಿಗೆ ಹಾಸಿಗೆ, ಹೊತ್ತಿಗೆ ಸರಿಯಾದ ಊಟ, ಮಧ್ಯಾಹ್ನ ಒಂದು ಗಂಟೆಯ ನಿದ್ದೆ ಇವುಗಳನ್ನು ಮೊದಲು ಗೊತ್ತುಮಾಡಿ, ನಿಮ್ಮ ವ್ಯವಸ್ಥೆ ಆಮೇಲೆ.

ರೊಟ್ಟಿ ಊಟ ರಾತ್ರಿಗಿರಲಿ. ಸೈಕಲ್ ಮೇಲಿರುವಾಗ ಗಂಟೆಗೊಮ್ಮೆ ಬಾಳೆಹಣ್ಣು, ಶೇಂಗಾ ಉಂಡೆ ಅಥವಾ ಅಮೀನಗಡದಲ್ಲೇ ಕೊಂಡ ಕರದಂಟಿನ ತುಣುಕು ಸಾಕು. ಬರಿಯ ನೀರನ್ನೇ ಕುಡಿಯುತ್ತ ಹೋಗಬೇಡಿ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ನಿಂಬೆಹಣ್ಣು ಹಿಂಡಿದ ಪಾನಕ ಗಾಡಿಯಲ್ಲಿ ಸದಾ ಸಿದ್ಧವಿರಲಿ.

ಪ್ರಶ್ನೆ: ಕಳೆದ ಪ್ರವಾಸದಲ್ಲಿ ಹೊಸ ಟ್ಯೂಬ್ ಹಾಕಿದರೂ ಒಂದೇ ಗಾಲಿ ಮೂರು ಸಲ ಪಂಕ್ಚರ್ ಆಯಿತು. ಏಕೆ?
– ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಜಾಲಿಮುಳ್ಳಿನ ತುದಿ ಟೈರಿನೊಳಗೇ ಉಳಿದಿರಬೇಕು. ಹೊರಗಿನಿಂದ ಮುಳ್ಳು ಮುರಿದು ಬೀಳುತ್ತದೆ, ಒಳಗೆ ಸಾಸಿವೆಯಷ್ಟು ಮೊನೆ ನಿಂತಿರುತ್ತದೆ. ಕಣ್ಣಿಗೆ ಕಾಣದು, ಗಾಳಿ ತುಂಬಿದೊಡನೆ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಹಳೆಯ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆಯೆಂದು ಅಳೆದು, ಟೈರಿನ ಅದೇ ಜಾಗದಲ್ಲಿ ಹತ್ತಿಬಟ್ಟೆಯ ಚೂರನ್ನು ಒಳಗಡೆ ನಿಧಾನವಾಗಿ ಸವರಿ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಚಿಮಟದಿಂದ ಒಳಮುಖವಾಗಿ ಕಿತ್ತು ತೆಗೆಯಿರಿ. ಚಿಮಟ, ಎರಡು ಟ್ಯೂಬ್, ಸಣ್ಣ ಪಂಪು ಗಾಡಿಯಲ್ಲಲ್ಲ, ನಿಮ್ಮ ಸೀಟಿನ ಕೆಳಗಿನ ಚೀಲದಲ್ಲೇ ಇರಲಿ.